ಎಸಿಗಿಂತ ಮೊದಲು ತಾರಸಿ: ಬೆಂಗಳೂರಿನ ಮನೆಗಳ ಕರೆಂಟು, ಕಾರ್ಬನ್ ಲೆಕ್ಕ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಯಿತು. 2024ರ ಏಪ್ರಿಲ್ ಕೊನೆಯಲ್ಲಿ ಮತ್ತೆ 38.5 ಡಿಗ್ರಿ ಮುಟ್ಟಿತು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು ಇದು. ಇಲ್ಲಿ ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರಲಿಲ್ಲ. ಈಗ ಮಾರ್ಚ್ ಬಂತು ಅಂದರೆ ಮೇಲಿನ ಮಹಡಿಯಲ್ಲಿ ಇರುವವರು ಎಸಿ ವಿಚಾರಿಸಲು ಅಂಗಡಿಗೆ ಹೋಗುತ್ತಾರೆ. ಅವರನ್ನು ತಪ್ಪು ಅನ್ನೋ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೂ ಮಲಗುವ ಕೋಣೆ ಕಾದೇ ಇದ್ದರೆ ಇನ್ನೇನು ಮಾಡುತ್ತಾರೆ?

ಆದರೆ ಒಂದೂವರೆ ಟನ್ನಿನ ಎಸಿ ರಾತ್ರಿ ಆರು ಗಂಟೆ ಓಡಿದರೆ ಸುಮಾರು 6 ಯೂನಿಟ್ ಹೋಗುತ್ತದೆ. ತಿಂಗಳಿಗೆ 180 ಯೂನಿಟ್. ಬೆಂಗಳೂರಿನ ಎಷ್ಟೋ ಮಧ್ಯಮ ವರ್ಗದ ಮನೆಗಳು ಇಡೀ ತಿಂಗಳಿಗೆ ಖರ್ಚು ಮಾಡುವುದೇ ಅಷ್ಟು. ನಮ್ಮ ದೇಶದ ಗ್ರಿಡ್‌ನಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ಜಾಸ್ತಿ ಇರುವುದರಿಂದ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜೊತೆಗೆ ಎಸಿ ಒಳಗಿನ ಬಿಸಿಯನ್ನು ಹೊರಗೆ ಉಗುಳುತ್ತದೆ. ಮನೆಗೆ ಮನೆ ಅಂಟಿಕೊಂಡಿರುವ ನಮ್ಮ ಬಡಾವಣೆಗಳಲ್ಲಿ ಆ ಬಿಸಿ ಸೇರುವುದು ಪಕ್ಕದವರ ಕಿಟಕಿಗೆ. ಆಮೇಲೆ ಅವರಿಗೂ ಎಸಿ ಬೇಕಾಗುತ್ತದೆ.

ಇರುವ ಮನೆಯನ್ನೇ ಕಡಿಮೆ ಇಂಧನದಲ್ಲಿ ನಡೆಯುವ ಹಾಗೆ ಸರಿಮಾಡಿಕೊಳ್ಳುವುದನ್ನು ರಿಟ್ರೋಫಿಟ್ ಅನ್ನುತ್ತಾರೆ. ಇದರ ಬಗ್ಗೆ ಓದಲು ಸಿಗುವ ಬಹುಪಾಲು ಮಾಹಿತಿ ಚಳಿ ದೇಶಗಳದ್ದು. ಗೋಡೆಗೆ ದಪ್ಪನೆಯ ಹೊದಿಕೆ, ಕಿಟಕಿಗೆ ಎರಡು ಪದರದ ಗಾಜು, ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್. ಅಲ್ಲಿಯ ಸಮಸ್ಯೆ ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುವುದು. ನಮ್ಮದು ಹೊರಗಿನ ಬಿಸಿ ಒಳಗೆ ಬರದಂತೆ ತಡೆಯುವುದು, ಬಂದದ್ದನ್ನು ರಾತ್ರಿ ಹೊರಗೆ ಕಳಿಸುವುದು. ನನ್ನ ಅಭಿಪ್ರಾಯ ಇಷ್ಟು: ಬೆಂಗಳೂರಿನ ಮನೆಗಳಲ್ಲಿ ಉಳಿಸಬಹುದಾದ ಕರೆಂಟಿನಲ್ಲಿ ಅತಿ ದೊಡ್ಡ ಪಾಲು ಇನ್ನೂ ಹಾಕಿಸದ ಎಸಿಗಳದ್ದು. ಚೆನ್ನೈಗೋ ದೆಹಲಿಗೋ ಈ ಅವಕಾಶ ಕೈತಪ್ಪಿ ಬಹಳ ಕಾಲವಾಗಿದೆ. ನಮಗೆ ಇನ್ನೂ ಇದೆ.

ಬಿಸಿ ಬರುವುದು ಮೇಲಿಂದ

ನಡು ಹಗಲಿನ ಸೂರ್ಯ ನೆತ್ತಿಯ ಮೇಲೆ ಇರುವ ಊರು ನಮ್ಮದು. ಏಪ್ರಿಲ್ ಕೊನೆಯಲ್ಲಂತೂ ಬೆಂಗಳೂರಿನಲ್ಲಿ ಮಧ್ಯಾಹ್ನದ ನೆರಳು ಕಾಲಡಿಯಲ್ಲೇ ಬೀಳುತ್ತದೆ. ಹಾಗಾಗಿ ಗೋಡೆಗಳಿಗಿಂತ ಜಾಸ್ತಿ ಬಿಸಿಲು ಬೀಳುವುದು ತಾರಸಿಗೆ. ಬರಿಯ ಸಿಮೆಂಟಿನ, ಮಳೆಗೆ ಕಪ್ಪಿಟ್ಟ ತಾರಸಿ ಬೇಸಿಗೆಯ ಮಧ್ಯಾಹ್ನ 55 ಡಿಗ್ರಿ ದಾಟುವುದು ಸಾಮಾನ್ಯ. ಬರಿಗಾಲಲ್ಲಿ ಹಪ್ಪಳ ಒಣಗಿಸಲು ಹೋದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಐದಾರು ಇಂಚು ದಪ್ಪದ ಆರ್‌ಸಿಸಿ ಸ್ಲ್ಯಾಬ್ ಆ ಬಿಸಿಯನ್ನು ಹಗಲೆಲ್ಲ ಹೀರಿಕೊಂಡು, ಸಂಜೆಯ ಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುವ ಹೊತ್ತಿನಲ್ಲಿ ಒಳಗೆ ಸೆಕೆ ಇರುವುದು ಇದೇ ಕಾರಣಕ್ಕೆ. ಫ್ಯಾನ್ ಹಾಕಿದರೆ ಸೂರಿಗೆ ಅಂಟಿದ ಬಿಸಿ ಗಾಳಿಯೇ ಮೈಮೇಲೆ ಬರುತ್ತದೆ.

ಇದಕ್ಕೆ ಅತಿ ಅಗ್ಗದ ಉಪಾಯ ಬಿಳಿ ಬಣ್ಣ. ಒಳ್ಳೆಯ ಬಿಳಿ ಮೇಲ್ಮೈ ಬಿಸಿಲಿನ ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತದೆ. ಕೆಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಚೆನ್ನೈನಲ್ಲಿ ನಾಲ್ಕು ಡಿಗ್ರಿ ಇಳಿದರೂ ಎಸಿ ಬೇಕೇ ಬೇಕು. ಬೆಂಗಳೂರಿನಲ್ಲಿ ಅಷ್ಟು ಇಳಿದರೆ ಫ್ಯಾನ್ ಸಾಕು. ಒಂದೇ ಡಬ್ಬ ಬಣ್ಣಕ್ಕೆ ಇಲ್ಲಿ ಹೆಚ್ಚು ಬೆಲೆ ಬರುವುದು ಈ ಕಾರಣಕ್ಕೆ.

ಇದರಲ್ಲಿ ದರ್ಜೆಗಳಿವೆ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಆದರೆ ಒಂದು ಮಳೆಗಾಲಕ್ಕೆ ಬಹುಪಾಲು ತೊಳೆದು ಹೋಗುತ್ತದೆ. ಕೂಲ್ ರೂಫ್ ಪೇಂಟ್ ಕೆಲವು ವರ್ಷ ಬಾಳುತ್ತದೆ. ಬಿಳಿ ಟೈಲ್ಸ್ ಚೂರುಗಳ ಚೈನಾ ಮೊಸಾಯಿಕ್ ದುಬಾರಿ, ಆದರೆ ಒಮ್ಮೆ ಮಾಡಿಸಿದರೆ ದಶಕಗಳ ಕೆಲಸ. ಯಾವುದೇ ಮಾಡಿಸಿದರೂ ಎರಡು ವಿಷಯ ಗಮನದಲ್ಲಿರಲಿ. ಮೊದಲು ಬಿರುಕು ಮುಚ್ಚಿಸಿ, ನೀರು ನಿಲ್ಲದ ಹಾಗೆ ಇಳಿಜಾರು ನೋಡಿಸಿ. ಸೋರುವ ತಾರಸಿಗೆ ಬಣ್ಣ ಹೊಡೆದರೆ ದುಡ್ಡು ದಂಡ. ಇನ್ನೊಂದು, ನಮ್ಮ ರಸ್ತೆಗಳ ಧೂಳಿಗೆ ಬಿಳಿ ಬಣ್ಣ ಬೇಗ ಮಂಕಾಗುತ್ತದೆ. ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ತೊಳೆಯಬೇಕು. ಬಣ್ಣ ಮಾಡಿಸಲು ಜನವರಿ, ಫೆಬ್ರವರಿ ಸರಿಯಾದ ಸಮಯ. ತಾರಸಿ ಒಣಗಿರುತ್ತದೆ, ಬಿಸಿಲು ಏರಿರುವುದಿಲ್ಲ.

ಹಳೆಯ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಸುಣ್ಣದ ಗಾರೆಯ ದಪ್ಪ ತಾರಸಿ, ಎತ್ತರದ ಸೂರು, ಸೂರಿನ ಕೆಳಗೇ ಗವಾಕ್ಷಿ ಇರುತ್ತಿದ್ದವು. ಬಿಸಿ ಗಾಳಿ ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಎಲ್ಲರೂ ಮತ್ತೆ ಅಂಥ ಮನೆ ಕಟ್ಟಿಸಲು ಆಗುವುದಿಲ್ಲ. ಆದರೆ ಆ ಕ್ರಮ ಇಂದಿನ ಮನೆಯಲ್ಲೂ ನಡೆಯುತ್ತದೆ. ಮೆಟ್ಟಿಲ ಮೇಲಿನ ಹೆಡ್‌ರೂಮ್‌ನಲ್ಲಿ ಜಾಲರಿ ಕಿಟಕಿ ಇಟ್ಟು ರಾತ್ರಿ ತೆರೆದರೆ ಇಡೀ ಮನೆಯ ಬಿಸಿ ಗಾಳಿಗೆ ದಾರಿ ಸಿಗುತ್ತದೆ.

ಇಲ್ಲಿ ಬೆಂಗಳೂರಿಗೆ ಒಂದು ದೊಡ್ಡ ಅನುಕೂಲ ಇದೆ. ಏಪ್ರಿಲ್‌ನಲ್ಲಿ ಹಗಲು 34 ಡಿಗ್ರಿಯ ಆಸುಪಾಸು ಇದ್ದರೂ ನಸುಕಿಗೆ ಸಾಮಾನ್ಯವಾಗಿ 22ರ ಹತ್ತಿರ ಇಳಿಯುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟು ಗೋಡೆ, ಸ್ಲ್ಯಾಬ್ ತಣಿಸಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಚ್ಚಿದರೆ ಅರ್ಧ ದಿನ ಮನೆ ತಂಪಾಗಿರುತ್ತದೆ. ಯಾಕೆ ತೆರೆಯುವುದಿಲ್ಲ? ಸೊಳ್ಳೆ, ಮತ್ತೆ ಕಳ್ಳರ ಭಯ. ಹಾಗಾದರೆ ಬೆಂಗಳೂರಿನ ಮಟ್ಟಿಗೆ ಗಟ್ಟಿಯಾದ ಗ್ರಿಲ್, ಹರಿಯದ ಸೊಳ್ಳೆ ಜಾಲರಿ ಇವೇ ಇಂಧನ ಉಳಿಸುವ ಸಲಕರಣೆಗಳು. ಯಾವ ಸರ್ಕಾರಿ ಪಟ್ಟಿಯಲ್ಲೂ ಇವಕ್ಕೆ ಜಾಗ ಸಿಗುವುದಿಲ್ಲ, ಸಿಗಬೇಕು.

ಪಡುವಣ ಕಿಟಕಿಯ ವಿಷಯವೂ ಹೀಗೇ. ಒಳಗೆ ದಪ್ಪ ಕರ್ಟನ್ ಹಾಕಿದರೆ ಬೆಳಕು ನಿಲ್ಲುತ್ತದೆ, ಬಿಸಿ ಅಷ್ಟಾಗಿ ನಿಲ್ಲುವುದಿಲ್ಲ, ಯಾಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟರೆ, ಸಜ್ಜಾ ಸ್ವಲ್ಪ ಮುಂದೆ ಚಾಚಿದರೆ ಬಿಸಿ ಗಾಜಿಗೇ ತಾಗುವುದಿಲ್ಲ. ಜಾಗ ಇದ್ದವರು ಆ ಬದಿಗೆ ಒಂದು ಹೊಂಗೆ ಗಿಡ ಇಡಬಹುದು.

ಗೀಸರ್, ನೀರು, ಫ್ಯಾನ್

ಬೆಂಗಳೂರಿನ ತಾರಸಿಗಳಲ್ಲಿ ಸೋಲಾರ್ ವಾಟರ್ ಹೀಟರ್ ಕಾಣುವಷ್ಟು ದೇಶದ ಬೇರೆ ಯಾವ ದೊಡ್ಡ ನಗರದಲ್ಲೂ ಕಾಣುವುದಿಲ್ಲ. ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ ನಿಯಮದ ಫಲ ಅದು. ನೂರು ಲೀಟರಿನ ಹೀಟರ್ ವರ್ಷಕ್ಕೆ 1,500 ಯೂನಿಟ್‌ವರೆಗೆ ಉಳಿಸಬಲ್ಲದು. ಆದರೆ ತಾರಸಿ ಹತ್ತಿ ನೋಡಿದರೆ ಎಷ್ಟೋ ಹೀಟರ್‌ಗಳು ಹೆಸರಿಗೆ ಮಾತ್ರ ಇವೆ. ಬೋರ್‌ವೆಲ್ಲಿನ ಗಡಸು ನೀರಿಗೆ ಪೈಪಿನೊಳಗೆ ಉಪ್ಪು ಕಟ್ಟಿ ನೀರು ಹರಿಯುವುದೇ ನಿಂತಿರುತ್ತದೆ. ಕೆಲವು ಮನೆಗಳಲ್ಲಿ ಹೀಟರ್ ಚೆನ್ನಾಗಿಯೇ ಇದ್ದರೂ ಮೂರು ಮಹಡಿ ಕೆಳಗೆ ಬಿಸಿ ನೀರು ಬರುವ ಮುಂಚೆ ಒಂದು ಬಕೆಟ್ ತಣ್ಣೀರು ಬಿಡಬೇಕು. ಬೆಳಿಗ್ಗೆ ಅವಸರದಲ್ಲಿ ಯಾರು ಕಾಯುತ್ತಾರೆ? ಗೀಸರ್ ಸ್ವಿಚ್ ಒತ್ತುತ್ತಾರೆ. ಕೆಟ್ಟು ನಿಂತ ಹೀಟರ್ ಶುಚಿ ಮಾಡಿಸುವುದು, ಬಿಸಿ ನೀರಿನ ಪೈಪಿಗೆ ಫೋಮ್ ಹೊದಿಕೆ ಸುತ್ತಿಸುವುದು ಹೊಸದಾಗಿ ಏನನ್ನಾದರೂ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ನೀರಿನ ಮಾತು ಬಂದಾಗ ನಮ್ಮ ಮೀಟರಿನಲ್ಲಿ ಕಾಣದ ಒಂದು ಲೆಕ್ಕವನ್ನೂ ಹೇಳಬೇಕು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ, ಸುಮಾರು 500 ಮೀಟರ್ ಎತ್ತರ ಏರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನ ನಷ್ಟ ಸೇರಿಸಿದರೆ, ಸುಮಾರು 2 ಯೂನಿಟ್ ಬೇಕು. ನಾಲ್ಕು ಜನರ ಮನೆ ತಿಂಗಳಿಗೆ 16 ಸಾವಿರ ಲೀಟರ್ ಬಳಸಿದರೆ 30 ಯೂನಿಟ್ ಅಲ್ಲೇ ಹೋಯಿತು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿಸುವುದು ಬೇರೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಬಿಲ್ಲೆ, ಕಡ್ಡಾಯ ಮಾಡಿತು. ಆ ಪುಟ್ಟ ಬಿಲ್ಲೆ ನೀರಿನ ಜೊತೆ ಕರೆಂಟನ್ನೂ ಉಳಿಸುತ್ತದೆ ಅನ್ನುವುದು ಆಗ ಚರ್ಚೆಗೇ ಬರಲಿಲ್ಲ.

ಇನ್ನು ಫ್ಯಾನ್. ಹಳೆಯ ಸೀಲಿಂಗ್ ಫ್ಯಾನ್ 70ರಿಂದ 80 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟು ತಿನ್ನುವ ಮೋಟಾರಿನ ಹೊಸ ಫ್ಯಾನ್ ಅದೇ ಗಾಳಿಯನ್ನು 30 ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತದೆ. ದಿನಕ್ಕೆ 12 ಗಂಟೆ ಓಡುವ ಫ್ಯಾನ್ ಆದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಬೆಲೆ 3,000 ರೂಪಾಯಿ ಹತ್ತಿರ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಉಳಿಯುವುದು ತಿಂಗಳಿಗೆ ನೂರು ರೂಪಾಯಿಗೆ ಸ್ವಲ್ಪ ಕಡಿಮೆ. ನಮ್ಮಲ್ಲಿ ಚಳಿಗಾಲದಲ್ಲಿ ಫ್ಯಾನ್ ಓಡುವುದಿಲ್ಲ. ಹಾಗಾಗಿ ಹಾಕಿದ ದುಡ್ಡು ವಾಪಸ್ ಬರಲು ನಾಲ್ಕು ವರ್ಷದ ಹತ್ತಿರ ಬೇಕು. ಬಿಲ್ ಕಟ್ಟುವವರ ಲೆಕ್ಕ ಇದು.

ಬಿಲ್ ಕಟ್ಟದವರ ಲೆಕ್ಕ ಬೇರೆ.

ಗೃಹಜ್ಯೋತಿಯ ಜೊತೆ ಇದನ್ನು ಹೊಂದಿಸುವುದು ಹೇಗೆ?

2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದ ಮಿತಿಯವರೆಗೆ ಬಿಲ್ ಸೊನ್ನೆ. ಬಾಡಿಗೆ ಮನೆಯವರಿಗೂ ಇದು ಸಿಕ್ಕಿದ್ದು ಒಳ್ಳೆಯ ಕೆಲಸ. ತಿಂಗಳ ಕೊನೆಯಲ್ಲಿ ಏಳೆಂಟು ನೂರು ರೂಪಾಯಿ ಉಳಿಯುವುದು ಎಷ್ಟು ಮುಖ್ಯ ಅನ್ನುವುದು ಆ ಮನೆಗಳಿಗೇ ಗೊತ್ತು. ಈ ಯೋಜನೆಯನ್ನು ಬೈಯುವವರ ಜೊತೆ ನಾನಿಲ್ಲ.

ಆದರೂ ಒಂದು ತೊಡಕಿದೆ. ಬಿಲ್ ಸೊನ್ನೆ ಬರುವ ಮನೆಯವರಿಗೆ 3,000 ರೂಪಾಯಿ ಫ್ಯಾನ್ ಹಾಕಿಸಿದರೆ ಒಂದು ಪೈಸೆ ಲಾಭ ಇಲ್ಲ. ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲೂ ಕಾರಣ ಇಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದ್ದರೂ ಉಳಿದ ದುಡ್ಡು ಕೈಯಿಂದ ಹಾಕಬೇಕಲ್ಲ. ಉಳಿತಾಯ ಎಲ್ಲಿಗೆ ಹೋಗುತ್ತದೆ? ಸರ್ಕಾರಕ್ಕೆ. ಈ ಮನೆಗಳ ಯೂನಿಟ್‌ಗಳಿಗೆ ಎಸ್ಕಾಂಗಳಿಗೆ, ಅಂದರೆ ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳಿಗೆ, ದುಡ್ಡು ಕೊಡುತ್ತಿರುವುದು ರಾಜ್ಯದ ಖಜಾನೆ.

ಇದನ್ನು ಹೀಗೆ ನೋಡಿದರೆ ದಾರಿಯೂ ಅಲ್ಲೇ ಕಾಣುತ್ತದೆ. ಒಂದು ಮನೆಯಲ್ಲಿ ಮೂರು ಹಳೆಯ ಫ್ಯಾನ್ ಬದಲಾದರೆ ಬೇಸಿಗೆಯ ತಿಂಗಳಿಗೆ 45ಕ್ಕೂ ಹೆಚ್ಚು ಯೂನಿಟ್ ಕಡಿಮೆಯಾಗುತ್ತದೆ. ಅಷ್ಟರ ಮಟ್ಟಿಗೆ ಸರ್ಕಾರದ ಸಬ್ಸಿಡಿ ಹೊರೆ ಇಳಿಯುತ್ತದೆ. ಹಾಗಿದ್ದರೆ ಫ್ಯಾನ್‌ಗೆ ದುಡ್ಡು ಹಾಕಬೇಕಾದವರು ಯಾರು? ಉಳಿತಾಯ ಯಾರಿಗೋ ಅವರೇ. ಗೃಹಜ್ಯೋತಿ ಮನೆಗಳಿಗೆ ಹಳೆ ಫ್ಯಾನ್ ಪಡೆದು ಹೊಸದು ಕೊಡುವ ಕೆಲಸವನ್ನು ಸರ್ಕಾರವೇ ಮಾಡಿದರೆ ನಾಲ್ಕಾರು ವರ್ಷದಲ್ಲಿ ಅದಕ್ಕೇ ಲಾಭ. ಇದು ಹೊಸ ಮಾತೂ ಅಲ್ಲ. 2015ರಲ್ಲಿ ‘ಹೊಸ ಬೆಳಕು’ ಯೋಜನೆಯಲ್ಲಿ ಎಲ್‌ಇಡಿ ಬಲ್ಬ್‌ಗಳನ್ನು ಕಡಿಮೆ ಬೆಲೆಗೆ ಮನೆಮನೆಗೆ ತಲುಪಿಸಿದ್ದು ಇದೇ ಕರ್ನಾಟಕ. ದೇಶದಾದ್ಯಂತ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿಕೆಯಾಯಿತು. ದೊಡ್ಡ ಸಂಖ್ಯೆಯಲ್ಲಿ ಖರೀದಿ ಮಾಡಿದ್ದರಿಂದ ಬಲ್ಬಿನ ಬೆಲೆಯೇ ಇಳಿದು, ಆಮೇಲೆ ಅಂಗಡಿಯಲ್ಲೂ ಅಗ್ಗವಾಯಿತು. ಫ್ಯಾನ್‌ಗೂ ಇದೇ ಆಗಬಹುದು.

ಇನ್ನೊಂದು ಕಡೆಯಿಂದಲೂ ನೋಡಿ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಎಸಿ ಬಂದರೆ ಬೇಸಿಗೆಯಲ್ಲಿ 280 ಆಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮೇಲಿನ ಮಹಡಿಯ ಆ ಮನೆಗೆ ತಾರಸಿಯ ಬಿಳಿ ಬಣ್ಣ ಗೃಹಜ್ಯೋತಿಯನ್ನೇ ಉಳಿಸಿಕೊಡುತ್ತದೆ.

ಆದರೆ ತಾರಸಿ ಯಾರದ್ದು? ಓನರ್‌ದು. ಸೆಕೆ ಬಾಡಿಗೆಯವರಿಗೆ. ಬೆಂಗಳೂರಿನ ರಿಟ್ರೋಫಿಟ್ ಮುಗ್ಗರಿಸುವುದು ಇಲ್ಲೇ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಇರುವವರು ಓನರ್ ತಾರಸಿಗೆ ಯಾಕೆ ಖರ್ಚು ಮಾಡುತ್ತಾರೆ? ಬಾಡಿಗೆಯವರ ಕರೆಂಟು ಉಳಿಸಲು ಓನರ್ ಯಾಕೆ ಖರ್ಚು ಮಾಡುತ್ತಾರೆ? ಎರಡೂ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಸುಲಭದ ಉತ್ತರ ಆಸ್ತಿ ತೆರಿಗೆಯಲ್ಲಿದೆ ಅಂತ ನನಗನ್ನಿಸುತ್ತದೆ. ತಾರಸಿ ಬಿಳಿ ಮಾಡಿಸಿದ, ಕೆಟ್ಟ ಸೋಲಾರ್ ಹೀಟರ್ ಸರಿಪಡಿಸಿದ ಆಸ್ತಿಗೆ ಕೆಲವು ವರ್ಷ ಸಣ್ಣ ರಿಯಾಯಿತಿ ಕೊಟ್ಟರೆ ಓನರ್‌ಗೆ ಕಾರಣ ಸಿಗುತ್ತದೆ. ತಾರಸಿ ಬಿಳಿ ಇದೆಯೋ ಇಲ್ಲವೋ ಅನ್ನುವುದು ಉಪಗ್ರಹ ಚಿತ್ರದಲ್ಲೇ ಕಾಣುತ್ತದೆ, ತಪಾಸಣೆಗೆ ಮನೆಮನೆ ತಿರುಗಬೇಕಿಲ್ಲ.

ಒಡೆಯುವ ಮುಂಚೆ

ಸರಿ, ಹಳೆ ಮನೆಗೆ ಇಷ್ಟೆಲ್ಲ ಮಾಡುವ ಬದಲು ಒಡೆದು ಹೊಸದು ಕಟ್ಟಿದರೆ ಆಗದಾ? ಹೊಸ ಮನೆ ಕಡಿಮೆ ಕರೆಂಟು ತಿನ್ನುವ ಹಾಗೆ ಕಟ್ಟಬಹುದಲ್ವಾ? ಜಯನಗರ, ರಾಜಾಜಿನಗರದ ಬೀದಿಗಳಲ್ಲಿ ದಿನವೂ ನಡೆಯುತ್ತಿರುವುದು ಇದೇ. ಹಾಗಾಗಿ ಲೆಕ್ಕ ಹಾಕಿ ನೋಡೋಣ.

ಮೇಸ್ತ್ರಿಗಳ ರೂಢಿಯ ಲೆಕ್ಕದಲ್ಲಿ ಸಾವಿರ ಚದರ ಅಡಿ ಆರ್‌ಸಿಸಿ ಮನೆಗೆ ಸುಮಾರು 400 ಮೂಟೆ ಸಿಮೆಂಟು, 4 ಟನ್ ಕಬ್ಬಿಣ ಬೇಕು. ಒಂದು ಮೂಟೆ ಸಿಮೆಂಟಿನ ತಯಾರಿಯಲ್ಲಿ ಸುಮಾರು 30 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಟನ್ ಕಬ್ಬಿಣಕ್ಕೆ ನಮ್ಮ ದೇಶದಲ್ಲಿ ಸುಮಾರು ಎರಡೂವರೆ ಟನ್. ಅಂದರೆ ಸಿಮೆಂಟಿನದು 12 ಟನ್, ಕಬ್ಬಿಣದ್ದು 10 ಟನ್, ಒಟ್ಟು 22 ಟನ್. ಇಟ್ಟಿಗೆ, ಟೈಲ್ಸ್, ಲಾರಿ ಡೀಸೆಲ್ ಇನ್ನೂ ಸೇರಿಸಿಲ್ಲ. ತಿಂಗಳಿಗೆ 150 ಯೂನಿಟ್ ಬಳಸುವ ಮನೆಯ ಕರೆಂಟಿನಿಂದ ವರ್ಷಕ್ಕೆ ಬರುವುದು ಒಂದೂಕಾಲು ಟನ್. ಹೊಸ ಮನೆಯ ಬರಿಯ ಸಿಮೆಂಟು, ಕಬ್ಬಿಣ ಹದಿನೇಳು ವರ್ಷದ ಕರೆಂಟಿಗೆ ಸಮ! ಹೊಸ ಮನೆ ಒಂದೇ ಒಂದು ಯೂನಿಟ್ ಬಳಸದಿದ್ದರೂ ಆ ಸಾಲ ತೀರಲು ಅಷ್ಟು ವರ್ಷ ಬೇಕು.

ಕಟ್ಟಡದ ಸಾಮಾನಿನಲ್ಲಿ ಅಡಗಿರುವ ಇಂಧನದ ಈ ಲೆಕ್ಕವನ್ನು ನಮ್ಮದೇ ಊರಿನ ಐಐಎಸ್‌ಸಿಯ ಸಂಶೋಧಕರು ಬಹಳ ಹಿಂದೆಯೇ ಮಾಡಿದ್ದಾರೆ. 1974ರಲ್ಲಿ ಅಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡಿದ್ದರ ಹಿಂದೆ ಇದೇ ಕಾಳಜಿ ಇತ್ತು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಒಂದು ಕುಟುಂಬ ಇದ್ದ ಜಾಗದಲ್ಲಿ ನಾಲ್ಕು ಕುಟುಂಬಕ್ಕೆ ಮನೆ ಆಗುವುದಾದರೆ ಈ ಲೆಕ್ಕ ಬದಲಾಗುತ್ತದೆ. ಇಲ್ಲಿಗೆ ಬರುವ ಜನರಿಗೆ ಮನೆ ಬೇಕು, ಎಲ್ಲರೂ ಹೊಸಕೋಟೆಯಿಂದಲೋ ನೆಲಮಂಗಲದಿಂದಲೋ ದಿನಾ ಓಡಾಡಿದರೆ ಅದರ ಹೊಗೆಯೂ ಕಡಿಮೆ ಅಲ್ಲ. ಆದರೆ ಪಾಯ ಗಟ್ಟಿ ಇರುವ ಮನೆಯ ಮೇಲೆ ಒಂದು ಮಹಡಿ ಏರಿಸಿ, ಹಳೆಯದನ್ನು ಸರಿಮಾಡಿಸಿದರೂ ಜಾಗ ಸಿಗುತ್ತದೆ. ಒಡೆಯುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ತೋರಿಸುವ ಪದ್ಧತಿಯಾದರೂ ಬರಬೇಕು.

ಕಾನೂನು ಈ ಕಡೆ ಇನ್ನೂ ನೋಡಿಲ್ಲ. 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ ಮನೆಗಳಿಗಾಗಿಯೇ ಮಾಡಿದ ಇಂಧನ ನಿಯಮ. ತಾರಸಿಯ ಯು-ವ್ಯಾಲ್ಯೂ, ಅಂದರೆ ಅದರ ಮೂಲಕ ಬಿಸಿ ದಾಟುವ ಪ್ರಮಾಣ, 1.2 ಮೀರಬಾರದು ಅನ್ನುತ್ತದೆ. ನಮ್ಮ ಬರಿಯ ಸ್ಲ್ಯಾಬ್‌ಗಳದ್ದು 3ಕ್ಕೂ ಮೇಲೆ. ಆದರೆ ಮೂಲ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ. 30-40 ಸೈಟ್ ಅಂದರೆ 111 ಚದರ ಮೀಟರ್, 40-60 ಅಂದರೆ 223. ಬೆಂಗಳೂರು ಬೆಳೆದಿರುವುದೇ ಈ ಎರಡು ಅಳತೆಗಳ ಮೇಲೆ, ಎರಡೂ ಈ ಬಲೆಗೆ ಸಿಗುವುದಿಲ್ಲ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಯೂ ದೊಡ್ಡ ಲೋಡ್ ಇರುವ ಕಟ್ಟಡಗಳ ಕಡೆಗೇ ನೋಡುತ್ತದೆ.

2023ರ ನವೆಂಬರ್‌ನಲ್ಲಿ ಬಿಬಿಎಂಪಿ ಹೊರತಂದ ಹವಾಮಾನ ಕ್ರಿಯಾ ಯೋಜನೆಯಲ್ಲಿ 2050ಕ್ಕೆ ನಿವ್ವಳ ಶೂನ್ಯದ, ಅಂದರೆ ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ವಾಪಸ್ ತೆಗೆಯುವ, ಗುರಿ ಇದೆ. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಗುರಿ ತಲುಪುವ ಕೆಲಸ ಈ ಐದರ ಪಾಲಿಗೆ ಬಂದಿದೆ. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದು, 2028ರೊಳಗೆ 300 ಚದರ ಕಿಲೋಮೀಟರ್ ತಾರಸಿ ತಂಪು ಮಾಡುವ ಗುರಿ ಇಟ್ಟುಕೊಂಡಿತು. ನಮ್ಮ ಪಾಲಿಕೆಗಳು ವಾರ್ಡ್‌ಗೆ ಒಂದು ಬೀದಿಯಿಂದ ಶುರು ಮಾಡಿದರೂ ಸಾಕು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ಶೀಟ್ ಮನೆಗಳಿಂದ. ವಠಾರಗಳಲ್ಲಿ, ಕೊಳೆಗೇರಿಗಳಲ್ಲಿ, ತಾರಸಿ ಮೇಲೆ ಏರಿಸಿದ ಒಂಟಿ ರೂಮುಗಳಲ್ಲಿ ಇರುವವರಿಗೆ ತಲೆಯ ಮೇಲೆ ಸ್ಲ್ಯಾಬೂ ಇಲ್ಲ. ಬಿಸಿಲು ಬಿದ್ದ ಹತ್ತೇ ನಿಮಿಷಕ್ಕೆ ಶೀಟು ಕಾಯುತ್ತದೆ. ಬಿಳಿ ಬಣ್ಣದಿಂದ ಹೆಚ್ಚು ತಂಪಾಗುವುದೂ ಈ ಮನೆಗಳೇ. ಎಚ್ಚರ ಬೇಕಾದದ್ದು ಒಂದೆರಡು ಕಡೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅವನ್ನು ಒಣಗಿದ ಬ್ರಷ್‌ನಿಂದ ಉಜ್ಜಬಾರದು, ತೂತು ಕೊರೆಯಬಾರದು, ಯಾಕೆಂದರೆ ಅದರ ಎಳೆಗಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಬಣ್ಣ ಬಳಿಯಬೇಕು. ಒಳಗೆ ಥರ್ಮಕೋಲ್ ಸೀಲಿಂಗ್ ಹಾಕುವುದು ಬೇಡ, ಬೆಂಕಿ ಬೇಗ ಹಿಡಿಯುತ್ತದೆ. ಈ ಮನೆಗಳಲ್ಲಿ ಎಸಿ ಇಲ್ಲದಿರುವುದರಿಂದ ಉಳಿಯುವ ಯೂನಿಟ್ ಲೆಕ್ಕಕ್ಕೆ ಸಿಗುವಷ್ಟು ಇರಲಿಕ್ಕಿಲ್ಲ. ಆದರೂ ಮೊದಲ ಡಬ್ಬ ಬಣ್ಣ ಇಲ್ಲಿಗೇ ಹೋಗಬೇಕು. ಇಲ್ಲಿರುವವರು ಹಗಲು ಬೇರೆಯವರ ಮನೆಗಳ ಗಾರೆ ಕೆಲಸ, ಮನೆಗೆಲಸ ಮಾಡಿ ಬಂದು ರಾತ್ರಿ ಮಲಗಬೇಕಾದವರು. ಜನವರಿಯಲ್ಲಿ ಬಣ್ಣ ಹಚ್ಚಿದರೆ ಮಾರ್ಚ್‌ನಿಂದಲೇ ಅವರಿಗೆ ನಿದ್ದೆ ಬರುತ್ತದೆ.